ಏಣಿಯ ಬುಡ ಹಿಡಿದ ಊರು

ನಮ್ಮ ಅತ್ತಿಗೆಯ ಅಂಗಡಿಗೆ ಬೋರ್ಡು ಬರೆದವನು ನಾನು. ಆ ಕಾಲಕ್ಕೆ ಊರಿನ ಬೋರ್ಡುಗಳೆಲ್ಲ ನನ್ನ ಕೈಯಿಂದಲೇ ಹೊರಡುತ್ತಿದ್ದವು. ‘ಕಬ್ಬಿಣ, ಬಣ್ಣ, ಹಗ್ಗ, ಮೊಳೆ ಮತ್ತು ಮನೆ ಕಟ್ಟುವ ಸಕಲ ಸಾಮಾನು’ ಎಂದು ನೀಲಿಯ ಮೇಲೆ ಹಳದಿಯಲ್ಲಿ ಬರೆದಿದ್ದೆ. ಆ ಅಕ್ಷರಗಳಿಗೆ ಕೊಟ್ಟ ಬಳುಕನ್ನು ಪಕ್ಕದೂರಿನ ಪೇಂಟರುಗಳು ಬಂದು ಕದ್ದು ನೋಡಿಕೊಂಡು ಹೋದದ್ದುಂಟು. ಇಷ್ಟೆಲ್ಲ ಮಾಡಿ ಏನು ಬಂತು? ಆ ಬೋರ್ಡನ್ನು ಓದಿಕೊಂಡು ಅಂಗಡಿಗೆ ಬಂದ ಒಬ್ಬ ಗಿರಾಕಿಯನ್ನೂ ನಾನು ಕಾಣೆ. ಎಲ್ಲರ ಬಾಯಲ್ಲೂ ಅದು ಏಣಿ ಅಂಗಡಿ. ಅತ್ತಿಗೆ ಏಣಿಯಕ್ಕ. ಅಣ್ಣ ಏಣಿಯಕ್ಕನ ಯಜಮಾನರು. ನಾನು ಏಣಿಯಕ್ಕನ ಮೈದುನ. ಒಂದು ಏಣಿ ನಮ್ಮ ಮನೆತನದ ಹೆಸರನ್ನೇ ನುಂಗಿಹಾಕಿತು.

ಆ ಏಣಿ ಅಂಗಡಿಯ ಹೊರಗೋಡೆಯ ಮೇಲೆ, ಎರಡು ಕಬ್ಬಿಣದ ಕೊಕ್ಕೆಗಳಲ್ಲಿ ಅಡ್ಡಡ್ಡಲಾಗಿ ಮಲಗಿರುತ್ತಿತ್ತು. ಗಟ್ಟಿ ಮರದ್ದು. ಅಂತಸ್ತಿನ ಮನೆಯ ಹೆಂಚಿನ ಮಾಡನ್ನು ಆರಾಮವಾಗಿ ಮುಟ್ಟುವಷ್ಟು ಉದ್ದ. ಊರಿನ ಪಾದಗಳೆಲ್ಲ ತಾಗಿ ತಾಗಿ ಮೆಟ್ಟಿಲುಗಳ ನಡು ಸವೆದು, ಅಲ್ಲಿ ಮರ ಗಾಜಿನ ಹಾಗೆ ಹೊಳೆಯುತ್ತಿತ್ತು. ಬೀಗವಿಲ್ಲ, ಸರಪಳಿಯಿಲ್ಲ, ಬಾಡಿಗೆಯಿಲ್ಲ. ಬೇಕಾದವರು ಒಯ್ಯಬಹುದು, ಮುಗಿದ ಮೇಲೆ ತಂದು ತೂಗುಹಾಕಬಹುದು.

ಇದನ್ನು ಕೇಳಿ ಅತ್ತಿಗೆ ಕೈ ಸಡಿಲದ ಹೆಂಗಸು ಎಂದುಕೊಂಡರೆ ಕೆಟ್ಟಿರಿ. ವ್ಯಾಪಾರದಲ್ಲಿ ಆಕೆಯ ಮಾತು ಕಡ್ಡಿ ಮುರಿದಂತೆ. ತಕ್ಕಡಿಯ ಮುಳ್ಳು ನಿಂತ ಮೇಲೆ ಯಾರಾದರೂ, “ಇನ್ನೊಂದೆರಡು ಮೊಳೆ ಹಾಕಮ್ಮಾ” ಎಂದರೆ, “ಯಾಕೆ, ನಿಮ್ಮನೇಲಿ ಮಕ್ಕಳು ಮೊಳೆ ತಿಂತಾವಾ?” ಎಂದು ಕೇಳುವವಳು. ಹಗ್ಗ ಅಳೆಯುವಾಗ ಗಿರಾಕಿ ಎಳೆದು ಹಿಡಿದರೆ ಆಕೆಯೂ ಎಳೆದು ಹಿಡಿಯುತ್ತಿದ್ದಳು. ಏಣಿಯ ವಿಷಯ ಮಾತ್ರ ಬೇರೆ. ಅದಕ್ಕೆ ಆಕೆಯದೊಂದು ಕಟ್ಟುಪಾಡಿತ್ತು.

“ಒಬ್ರೇ ಬಂದ್ರೆ ಏಣಿ ಇಲ್ಲ. ಹತ್ತೋರು ಒಬ್ರು, ಬುಡ ಹಿಡಿಯೋರು ಒಬ್ರು. ಕೆಲಸ ಯಾರ್ದೋ ಅವರು ಹತ್ಬೇಕು. ಜೊತೆಗೆ ಬಂದೋರು ಹಿಡೀಬೇಕು. ತಿಳೀತಾ?”

ಈ ಕಟ್ಟುಪಾಡು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದು ನಮ್ಮಣ್ಣನ ಕಾಲಿನಿಂದ ಹುಟ್ಟಿತು.

ಆಗ ಅಂಗಡಿ ಅಣ್ಣನದು. ಅಣ್ಣ ಬೇರೆಯವರ ಕೆಲಸ ಕಂಡರೆ ಕೈಕಾಲು ನಿಲ್ಲದ ಮನುಷ್ಯ. ಒಂದು ಮಳೆಗಾಲದ ಬೆಳಿಗ್ಗೆ ಯಾರದೋ ಮನೆಯ ದೋಣಿ, ಅಂದರೆ ಮಾಡಿನ ಅಂಚಿಗೆ ನೀರು ಹರಿಯಲು ಕಟ್ಟಿದ ತಗಡು, ಕಿತ್ತುಬಂದಿದೆ ಎಂದು ಕೇಳಿ ಏಣಿ ಹೊತ್ತುಕೊಂಡು ಹೋದ. ಆ ಮನೆಯವನು, “ನೀವು ಹತ್ತಿರಿ, ಒಳಗಿಂದ ತಂತಿ ತರ್ತೀನಿ” ಎಂದು ಹೋದ. ಅವನು ತಂತಿ ಹುಡುಕಿ ಬರುವಷ್ಟರಲ್ಲಿ ಒದ್ದೆ ಕಲ್ಲಿನ ಮೇಲೆ ಏಣಿ ಜಾರಿ, ಅಣ್ಣ ನೆಲದಲ್ಲಿದ್ದ. ತೊಡೆಯ ಮೂಳೆ ಮುರಿದಿತ್ತು. ಊರಿನಲ್ಲಿ ಒಬ್ಬ ಡಾಕ್ಟರಿಲ್ಲ, ಒಂದು ಮಂಚವಿಲ್ಲ. ಸೌದೆ ತುಂಬಿದ ಲಾರಿಯ ಮೇಲೆ ಹಾಸಿಗೆ ಹಾಕಿ, ಗುಡ್ಡದ ಆಚೆಯ ದೊಡ್ಡೂರಿನ ಆಸ್ಪತ್ರೆಗೆ ಸಾಗಿಸಿದೆವು. ಪ್ರತಿ ಗುಂಡಿಗೂ ಅಣ್ಣ ಹಲ್ಲು ಕಚ್ಚುತ್ತಿದ್ದ. ಅತ್ತಿಗೆ ಆ ಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಅಲುಗದಂತೆ ಹಿಡಿದು ಕೂತಿದ್ದಳು. ಅಲ್ಲಿನ ಡಾಕ್ಟರು, “ಇನ್ನೊಂಚೂರು ಬೇಗ ತಂದಿದ್ರೆ...” ಎಂದು ಮಾತು ಅರ್ಧಕ್ಕೇ ಬಿಟ್ಟರು. ಕಾಲು ಉಳಿಯಿತು, ನಡಿಗೆ ಉಳಿಯಲಿಲ್ಲ.

ಅಂದಿನಿಂದ ಅಣ್ಣ ಅಂಗಡಿಯ ಬಾಗಿಲಲ್ಲಿ ಕೈಯಿರುವ ಕುರ್ಚಿಯಲ್ಲಿ ಕೂತ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. “ಕಾಲು ಹೇಗಿದೆ?” ಎಂದು ಕೇಳಿದವರಿಗೆಲ್ಲ, “ಸುಖವಾಗಿದೆ. ಸರ್ಕಾರಿ ನೌಕರಿ ಸಿಕ್ಕಿದೆ ಅದಕ್ಕೆ. ಬರುತ್ತೆ, ಕೂರುತ್ತೆ, ಕೆಲಸ ಮಾಡಲ್ಲ” ಎನ್ನುತ್ತಿದ್ದ.

ಅಂಗಡಿ ಅತ್ತಿಗೆಯ ಹೆಗಲಿಗೆ ಬಂತು. ನೆಂಟರೆಲ್ಲ, “ಆ ಹಾಳು ಏಣೀನ ಸೌದೆ ಮಾಡಿ ಒಲೆಗೆ ಹಾಕಮ್ಮ” ಎಂದರು. ಅತ್ತಿಗೆ, “ಏಣಿ ಏನ್ ತಪ್ಪು ಮಾಡ್ತು? ಹಿಡಿಯೋರು ಇರ್ಲಿಲ್ಲ ಅಷ್ಟೆ” ಎಂದಳು. ಮಾರನೆಯ ದಿನ ಅದನ್ನು ಹಿತ್ತಲಿನಿಂದ ತೆಗೆಸಿ ಬೀದಿಯ ಕಡೆಯ ಗೋಡೆಗೆ ಹಾಕಿಸಿದಳು. ಆದರೆ ಒಂದು ಮಾತು. ಆ ದಿನದಿಂದ ಆಕೆ ತಾನು ಮಾತ್ರ ಯಾವ ಏಣಿಯ ಮೇಲೂ ಕಾಲಿಡಲಿಲ್ಲ. ಅಂಗಡಿಯ ಮೇಲಿನ ಗೂಡುಗಳಲ್ಲಿದ್ದ ಬಣ್ಣದ ಡಬ್ಬಗಳನ್ನು ಇಳಿಸಲು ತುದಿಗೆ ಕೊಕ್ಕೆ ಹೊಡೆದ ಒಂದು ಉದ್ದನೆಯ ಕೋಲು ಮಾಡಿಸಿಕೊಂಡಳು. ಯಾರೂ ಜೊತೆಗಿಲ್ಲದ ಹೆಂಗಸು ಬಂದು ಏಣಿ ಕೇಳಿದರೆ, ಅಂಗಡಿಯನ್ನು ಅಣ್ಣನಿಗೊಪ್ಪಿಸಿ ತಾನೇ ಹೋಗಿ ಬುಡ ಹಿಡಿಯುತ್ತಿದ್ದಳು. ಹತ್ತಲು ಮಾತ್ರ ಇಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟರೆ ಮೈಯೆಲ್ಲ ನೀರಾಗುತ್ತದೆ ಎಂದು ನನ್ನ ಹೆಂಡತಿಯೊಬ್ಬಳ ಹತ್ತಿರ ಹೇಳಿಕೊಂಡಿದ್ದಳಂತೆ.

ಈ ಕಟ್ಟುಪಾಡು ಊರಿಗೆ ಏನು ಮಾಡಿತು ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಕ್ಷೌರದಂಗಡಿಯವನೂ ದಿನಸಿ ಅಂಗಡಿಯವನೂ ಗೋಡೆಗೆ ಗೋಡೆ ಅಂಟಿದ ನೆರೆಯವರು. ಒಬ್ಬನ ಮಾಡಿನ ನೀರು ಇನ್ನೊಬ್ಬನ ಅಕ್ಕಿ ಮೂಟೆಗೆ ಇಳಿದ ಜಗಳದಲ್ಲಿ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದರು. ದಿನಸಿಯವನು ಗಡ್ಡ ಬೋಳಿಸಿಕೊಳ್ಳಲು ಮೇಲಿನ ಬೀದಿಯ ತನಕ ನಡೆದು ಹೋಗುತ್ತಿದ್ದ. ಒಂದು ದಿನ ಕ್ಷೌರದವನು ಏಣಿಗೆ ಬಂದ.

“ಜೊತೆ ಯಾರು?” ಎಂದಳು ಅತ್ತಿಗೆ.

“ಯಾರೂ ಇಲ್ಲ ಅಕ್ಕಾ. ಮಗ ಶಾಲೆಗೆ ಹೋಗಿದ್ದಾನೆ. ಒಂದೇ ಒಂದು ಹೆಂಚು ತಿರುಗಿಸಿ ಹಾಕ್ಬೇಕು.”

“ಒಂದೇ ಹೆಂಚಿಗೆ ಬಿದ್ರೂ ಮುರಿಯೋದು ಎರಡು ಕಾಲೇ. ಪಕ್ಕದ ಅಂಗಡೀಲಿ ಒಬ್ರು ಸುಮ್ನೆ ನೊಣ ಹೊಡೀತಾ ಕೂತಿದ್ದಾರಲ್ಲ?”

“ಅವನಾ? ಅವನ ಕೈಗೆ ಏಣಿ ಬುಡ ಕೊಟ್ರೆ ನನ್ನ ಕಥೆ ಮುಗೀತು!”

ಅಣ್ಣ ಕುರ್ಚಿಯಿಂದಲೇ, “ನೀನು ಮಾತ್ರ ದಿನಾ ಜನರ ಕುತ್ತಿಗೆ ಹತ್ರ ಕತ್ತಿ ಹಿಡೀತೀಯಲ್ಲ, ಅವರು ನಂಬಲ್ವಾ ನಿನ್ನ?” ಎಂದ.

ಅತ್ತಿಗೆ ಅಲ್ಲಿಂದಲೇ ದಿನಸಿಯವನನ್ನು ಕೂಗಿ ಕರೆದಳು. ದಿನಸಿಯವನು ಹುಬ್ಬು ಗಂಟಿಕ್ಕಿಕೊಂಡು ಬಂದ, ಬುಡ ಹಿಡಿದ. ಮೇಲೆ ಹತ್ತಿದವನು ಬೆವರುತ್ತಿದ್ದ, ಕೆಳಗಿನವನು ಮುಖ ಊದಿಸಿಕೊಂಡಿದ್ದ. ಹೆಂಚು ಸರಿಯಾಯಿತು. ಇಳಿದ ಮೇಲೆ ಕ್ಷೌರದವನು ನೆಲ ನೋಡುತ್ತ, “ಗಟ್ಟಿಯಾಗಿ ಹಿಡಿದಿದ್ದಿ” ಎಂದ. “ಬಿದ್ದಿದ್ರೆ ನಮ್ಮ ಮೂಟೆ ಮೇಲೇ ಬೀಳ್ತಿದ್ದೆ” ಎಂದ ದಿನಸಿಯವನು. ಮರುವಾರ ದಿನಸಿಯವನ ಗಡ್ಡ ಪಕ್ಕದಂಗಡಿಯಲ್ಲೇ ಇಳಿಯಿತು.

ಹೀಗೆ ಬುಡ ಹಿಡಿಯುವುದು ನಮ್ಮ ಊರಿನಲ್ಲಿ ಮರ್ಯಾದೆಯ ಕೆಲಸವಾಗಿಬಿಟ್ಟಿತು. “ನಾನು ಅವರ ಮನೆ ಏಣಿ ಹಿಡಿದವನು” ಎಂದರೆ ಅವರ ಮನೆಯ ಸುಖದುಃಖಕ್ಕೆ ಬೇಕಾದವನು ಎಂದು ಅರ್ಥ.

ಏಣಿಯದು ಒಂದು ಕಡೆಯಾದರೆ, ಸೌದೆ ಲಾರಿಯ ಮೇಲಿನ ಆ ದಾರಿ ಅತ್ತಿಗೆಯ ತಲೆಯಿಂದ ಇಳಿದಿರಲಿಲ್ಲ. ಊರಿಗೊಂದು ಆಸ್ಪತ್ರೆ ಬೇಕು ಎಂದು ಹಟ ಹಿಡಿದಳು. ಮೊದಲು ಅಂಗಡಿಯ ಹಿಂದಿನ ಸಿಮೆಂಟು ಕೋಣೆಯನ್ನು ತೆರವು ಮಾಡಿ, ಸುಣ್ಣ ಹೊಡೆಸಿ, ವಾರಕ್ಕೊಮ್ಮೆ ಬರುವ ನರ್ಸಮ್ಮನಿಗೆ ಕೊಟ್ಟಳು. ಸಿಮೆಂಟು ಮೂಟೆಗಳು ಹೊರಗಿನ ಚಪ್ಪರಕ್ಕೆ ಹೋಗಿ ಅರ್ಧ ಗಟ್ಟಿಯಾಗಿ ಕಲ್ಲಾದವು. ಆಮೇಲೆ ದೊಡ್ಡೂರಿನ ಕಚೇರಿಗಳಿಗೆ ಅಲೆದಳು. ಅಲ್ಲಿನ ಬೆಂಚುಗಳೆಲ್ಲ ಆಕೆಗೆ ಪರಿಚಯವಾದವು. ಒಬ್ಬ ಸಾಹೇಬರು, “ನಿಮಗೆ ಬೇರೆ ಕೆಲಸ ಇಲ್ವಾ ಅಮ್ಮಾ?” ಎಂದರೆ, “ಇದೆ ಸ್ವಾಮಿ, ಅಂಗಡಿ ಇದೆ. ನೀವು ಬೇಗ ಕೊಟ್ರೆ ಬೇಗ ಹೋಗಿ ತೆಗೀತೀನಿ” ಎಂದಳಂತೆ. ಕೊನೆಗೆ ಊರ ಅಂಚಿನಲ್ಲಿ ಖಾಲಿ ಬಿದ್ದಿದ್ದ ಹಳೆಯ ಹೆಂಚಿನ ಕಟ್ಟಡವೊಂದು ಆಸ್ಪತ್ರೆಯಾಯಿತು. ಕೆಲವು ಮಂಚ, ಔಷಧಿಯ ಬೀರು, ಅಲ್ಲೇ ಉಳಿಯುವ ನರ್ಸಮ್ಮ, ದಿನ ಬಿಟ್ಟು ದಿನ ಬರುವ ಡಾಕ್ಟರು. ಬಾಗಿಲು ತೆರೆದ ದಿನ ಮೊದಲ ರೋಗಿಯಾಗಿ ಹೋದವನು ಅಣ್ಣ. “ಏನ್ ತೊಂದ್ರೆ?” ಎಂದು ಡಾಕ್ಟರು ಕೇಳಿದರೆ, “ಏನಿಲ್ಲ, ಕಾಲು ಮುರ್ಕೊಂಡಿದ್ದೆ. ಸ್ವಲ್ಪ ತಡವಾಗಿ ಬಂದೆ” ಎಂದ. ಎಲ್ಲರೂ ನಕ್ಕರು. ಅತ್ತಿಗೆ ಮಾತ್ರ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಆಮೇಲೆ ಊರಿನ ಮಕ್ಕಳು ಅಲ್ಲೇ ಹುಟ್ಟಿದವು. ಮುರಿದ ಕೈಕಾಲುಗಳಿಗೆ ಅಲ್ಲೇ ಪಟ್ಟಿ ಬಿತ್ತು. ಸೌದೆ ಲಾರಿಯಲ್ಲಿ ಬರೀ ಸೌದೆ ಹೋಗತೊಡಗಿತು.

ಅತ್ತಿಗೆಯ ಕೂದಲು ಪೂರಾ ಬೆಳ್ಳಗಾದ ಮೇಲಿನ ಒಂದು ಮಳೆಗಾಲ. ಬಿರುಗಾಳಿಗೆ ಆಸ್ಪತ್ರೆಯ ಪಕ್ಕದ ದೊಡ್ಡ ಮರ ಮಾಡಿನ ಮೇಲೇ ಒರಗಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅರ್ಧಕ್ಕರ್ಧ ಹೆಂಚು ಪುಡಿಯಾಯಿತು. ಮಂಚಗಳನ್ನೆಲ್ಲ ಒಣಗಿದ ಒಂದು ಮೂಲೆಗೆ ಒತ್ತಿ, ಉಳಿದ ಕಡೆಯೆಲ್ಲ ಬಕೆಟ್ಟು, ಬೋಗುಣಿ ಇಟ್ಟು ನರ್ಸಮ್ಮ ಒದ್ದಾಡುತ್ತಿದ್ದರು. ಅಷ್ಟರಲ್ಲಿ ದೊಡ್ಡೂರಿನ ಕಚೇರಿಯಿಂದ ತನಿಖೆಯ ಸಾಹೇಬರು ಬಂದರು. ಅತ್ತಿಗೆಯೂ ಅಲ್ಲೇ ಇದ್ದಳು. ಕೆಟ್ಟ ಮನುಷ್ಯರಲ್ಲ. ಆದರೆ ದಣಿದವರು, ಕೈ ಕಟ್ಟಿಹೋದವರು.

“ಮಾಡಿಲ್ಲದ ಕಡೆ ರೋಗಿಗಳನ್ನ ಮಲಗಿಸೋ ಹಾಗಿಲ್ಲ ಅಮ್ಮಾ. ಮುಂದಿನ ವಾರ ಲಾರಿ ತರ್ತೀನಿ. ಮಂಚ, ಬೀರು, ನರ್ಸಮ್ಮ, ಎಲ್ಲ ದೊಡ್ಡೂರಿಗೆ ಹೋಗುತ್ತೆ.”

“ಮರ ತೆಗೆಸಿ ರಿಪೇರಿ ಮಾಡ್ಸೋದು?”

“ಮೇಲಿಂದ ಮಂಜೂರಾಗ್ಬೇಕು. ಈ ಮಳೆಗಾಲಕ್ಕಂತೂ ಆಗಲ್ಲ.”

“ಹೋದದ್ದು ತಿರುಗಿ ಬರುತ್ತಾ ಸ್ವಾಮಿ?”

ಸಾಹೇಬರು ಕನ್ನಡಕ ತೆಗೆದು ಒರೆಸಿದರು.

“ನೀವು ಬರೋಷ್ಟರಲ್ಲಿ ಮಾಡು ಸರಿಯಾಗಿದ್ರೆ?”

“ಸರಿಯಾಗಿದ್ರೆ ನಾನ್ಯಾಕಮ್ಮಾ ಮಂಚ ಹೊರಿಸ್ಲಿ?”

ಅಷ್ಟು ಸಾಕಾಯಿತು ಅತ್ತಿಗೆಗೆ. ಅಂದೇ ಮರ ಕೊಯ್ಯುವವರನ್ನು ಕರೆಸಿ ಬಿದ್ದ ಮರ ತೆಗೆಸಿದಳು. ಮುರಿದ ತೊಲೆಗಳಿಗೆ, ಹೆಂಚು ಕೂರುವ ರೀಪುಗಳಿಗೆ ಅಂಗಡಿಯಿಂದಲೇ ಮರ ಕೊಟ್ಟಳು. ಬಡಗಿ ಒಳಗಿನಿಂದ ಅಟ್ಟಣೆ ಕಟ್ಟಿಕೊಂಡು ಅವನ್ನು ಕೂರಿಸಿದ. ಉಳಿದದ್ದು ಹೆಂಚು ಹೊದಿಸುವ ಕೆಲಸ. ಅದಕ್ಕೆ ಬಹಳ ಕೈ ಬೇಕು. ಅಂಗಡಿಗೆ ಬಂದವರಿಗೆಲ್ಲ ಅತ್ತಿಗೆ ಹೇಳಿದಳು: “ವಾರದ ರಜಾ ದಿನ ಬೆಳಿಗ್ಗೆ ಆಸ್ಪತ್ರೆ ಹತ್ರ ಬನ್ನಿ. ಹಿತ್ತಲಲ್ಲಿ ಬಿದ್ದಿರೋ ಹೆಂಚು ತನ್ನಿ. ಏಣಿ ಹಿಡೀಬೇಕು.”

ಆಕೆ ಮಾಡಿದ ಎಡವಟ್ಟು ಅಲ್ಲೇ ಇತ್ತು. ಆದರೆ ಆಗ ಯಾರಿಗೂ ಹೊಳೆಯಲಿಲ್ಲ.

ಆ ದಿನ ಬೆಳಿಗ್ಗೆ ನೋಡಬೇಕಿತ್ತು! ತಳ್ಳುಗಾಡಿಯಲ್ಲಿ, ಸೈಕಲ್ಲಿನ ಹಿಂದೆ, ತಲೆಯ ಮೇಲೆ, ಕಂಕುಳಲ್ಲಿ ಹೆಂಚು. ಕೆಂಪು ಹೆಂಚು, ಹೊಗೆ ಹಿಡಿದ ಕಪ್ಪು ಹೆಂಚು, ಪಾಚಿ ಕಟ್ಟಿದ ಹಸಿರು ಹೆಂಚು. ಅಂಗಳದಲ್ಲಿ ಗುಡ್ಡೆ ಬಿತ್ತು. ಹೆಂಚು ಹೊದಿಸುವುದರಲ್ಲೇ ಆಯುಷ್ಯ ಕಳೆದ ಹೆಂಚಿನಜ್ಜನಿಗೆ ಕಣ್ಣು ಮಂಜಾಗಿತ್ತು. ಆದರೂ ಬೋರಲು ಹಾಕಿದ ಬಾನಿಯ ಮೇಲೆ ಕೂತು, “ಕೆಳಸಾಲಿಂದ ಶುರು ಮಾಡ್ರೋ, ಮೇಲಿಂದ ಮಾಡಿದ್ರೆ ನೀರು ನಿಮ್ಮಪ್ಪನ ಮನೆಗೆ ಹೋಗುತ್ತೆ” ಎಂದು ಆಗಲೇ ಬೈಯತೊಡಗಿದ್ದ. ಅಣ್ಣನನ್ನು ಕುರ್ಚಿ ಸಮೇತ ತಳ್ಳುಗಾಡಿಯಲ್ಲಿ ತಂದಿದ್ದೆವು. ಅಂಗಡಿಯ ದೊಡ್ಡ ಏಣಿಯನ್ನು ಮಾಡಿಗೆ ಒರಗಿಸಿದೆವು. ಜನ ತಮ್ಮ ತಮ್ಮ ಮನೆಯ ಗಿಡ್ಡ ಏಣಿಗಳನ್ನೂ ತಂದಿದ್ದರು.

“ಹ್ಞೂಂ, ಶುರುವಾಗ್ಲಿ” ಎಂದಳು ಅತ್ತಿಗೆ.

ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ ಏಣಿಗಳಿಗೆ ಮುತ್ತಿದರು. ಎಲ್ಲರ ಕೈಯೂ ಬುಡಕ್ಕೆ! ದೊಡ್ಡ ಏಣಿಯ ಬುಡದಲ್ಲಿ ಕೈಯಿಡಲು ಜಾಗವಿಲ್ಲದೆ ತಳ್ಳಾಟವಾಯಿತು. ಹಾಗೆ ಹಿಡಿದುಕೊಂಡು ಎಲ್ಲರೂ ಕತ್ತೆತ್ತಿ ಮೇಲೆ ನೋಡಿದರು. ಮೇಲೆ ಯಾರೂ ಇಲ್ಲ.

“ಹತ್ತೋರು ಎಲ್ರಪ್ಪಾ?” ಎಂದ ಹೆಂಚಿನಜ್ಜ.

“ನಾನು ಹಿಡಿಯೋಕೆ ಬಂದಿದ್ದೀನಿ” ಎಂದ ಕ್ಷೌರದವನು.

“ನಾನೂ ಅಷ್ಟೆ. ಹಿಡೀಬೇಕು ಅಂತ ತಾನೇ ಏಣಿಯಕ್ಕ ಹೇಳಿದ್ದು?” ಎಂದ ದಿನಸಿಯವನು.

“ಹತ್ತಿ ಅಂದ್ರೆ ಹತ್ತೋಕೇನು ಕಷ್ಟ? ಆದ್ರೆ ಕೆಲಸ ಯಾರ್ದೋ ಅವರು ಹತ್ಬೇಕಲ್ವಾ ಅಕ್ಕಾ?” ಎಂದಳು ಹೊಲಿಗೆಯಾಕೆ, ದೊಡ್ಡ ಏಣಿಯ ಬುಡದಿಂದ.

“ಇದು ಯಾರ್ ಕೆಲಸ?”

“ಸರ್ಕಾರದ್ದು.”

“ಡಾಕ್ಟರ್ದು.”

“ನರ್ಸಮ್ಮನ್ನೇ ಹತ್ತಿಸ್ರಿ, ಒಳಗಿರೋರು ಅವರು ತಾನೇ!”

ನರ್ಸಮ್ಮ ಬಾಗಿಲಿನಿಂದಲೇ ಕೈಯಾಡಿಸಿದರು. “ನಾನಾ? ಬಾಟ್ಲಿ ತೂಗುಹಾಕೋಕೆ ಸ್ಟೂಲ್ ಹತ್ತಿದ್ರೇ ತಲೆ ಸುತ್ತುತ್ತೆ ನಂಗೆ. ನನ್ನ ಟ್ರಂಕು ಕಟ್ಟಿ ಇಟ್ಟಿದ್ದೀನಿ, ಹೋಗು ಅಂದ್ರೆ ಹೋಗ್ತೀನಿ.”

ಹೊಟ್ಟೆ ಹುಣ್ಣಾಗುವಂತೆ ನಕ್ಕರು ಜನ. ಆದರೆ ನಗು ಇಳಿದ ಮೇಲೂ ಯಾರೂ ಕದಲಲಿಲ್ಲ. ಏಣಿಯ ಮೇಲೆಯೇ ಬದುಕು ಕಂಡ ನನ್ನ ಕೈಯೂ ಬುಡದಲ್ಲೇ ಇತ್ತು. ಸೋಮಾರಿತನವಲ್ಲ ಅದು, ಹೆದರಿಕೆಯೂ ಅಲ್ಲ. ಇಷ್ಟು ವರ್ಷ ಅತ್ತಿಗೆ ಕಲಿಸಿದ ಪಾಠವನ್ನು ಊರಿಗೆ ಊರೇ ಅಷ್ಟು ಚೆನ್ನಾಗಿ ಕಲಿತುಬಿಟ್ಟಿತ್ತು. ಇನ್ನೊಬ್ಬರ ಮಾಡು ಹತ್ತುವುದು ಸಲ್ಲದು, ಬುಡ ಹಿಡಿಯಬೇಕು. ಹತ್ತಬೇಕಾದರೆ ಅದು ನನ್ನದು ಎನ್ನಬೇಕು. ಸರ್ಕಾರದ ಕಟ್ಟಡವನ್ನು ನನ್ನದು ಎನ್ನಲು ಯಾರಿಗೂ ನಾಲಿಗೆ ಏಳುತ್ತಿರಲಿಲ್ಲ. ಗುಡ್ಡದ ಮೇಲೆ ಮೋಡ ಕಪ್ಪಾಗುತ್ತಿತ್ತು. ಗಾಳಿಯಲ್ಲಿ ಮಳೆಯ ವಾಸನೆ ಬಂತು.

ಅತ್ತಿಗೆ ಒಮ್ಮೆ ಜನರನ್ನು ನೋಡಿದಳು, ಒಮ್ಮೆ ಏಣಿಯನ್ನು ನೋಡಿದಳು. ಕೈಗಳನ್ನು ಬಟ್ಟೆಗೆ ಒರೆಸಿಕೊಂಡಳು. ಬಟ್ಟೆಯ ಅಂಚನ್ನು ಎತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು.

“ಅತ್ತಿಗೆ, ಬೇಡ. ನಾನು ಹತ್ತೀನಿ” ಎಂದೆ.

“ಸುಮ್ನಿರೋ. ಇದು ಯಾರ್ದು ಅಂತ ಕೇಳ್ತಿದ್ದಾರಲ್ಲ ಎಲ್ರೂ? ನಂದು. ನಾನು ಹತ್ತೀನಿ.”

ಆಗ ಅಣ್ಣನ ಗಂಟಲು ಕೇಳಿಸಿತು. “ಎಲ್ರೂ ಕೈ ತೆಗೀರಿ. ನನ್ನ ಕುರ್ಚಿ ಆ ಏಣಿ ಹತ್ರ ತನ್ನಿ. ಇವಳು ಹತ್ತೋ ಏಣೀನ ನಾನು ಹಿಡೀತೀನಿ.”

“ನಿಮ್ಮ ಕಾಲು ಯಜಮಾನ್ರೇ...” ಎಂದರು ಯಾರೋ.

“ಕಾಲಲ್ಲಿ ಯಾರಪ್ಪಾ ಏಣಿ ಹಿಡಿಯೋರು? ಕೈ ಗಟ್ಟಿಯಾಗಿದೆ. ಇಷ್ಟು ವರ್ಷ ಕೂತು ಕೂತು ಕುರ್ಚಿ ಕೈ ಹಿಡಿದೇ ಗಟ್ಟಿಯಾಗಿದೆ.”

ಕುರ್ಚಿಯನ್ನು ಬುಡಕ್ಕೆ ತಂದೆವು. ಅಣ್ಣ ಎರಡು ಕೈಯಲ್ಲೂ ಏಣಿಯ ಎರಡು ಕಾಲು ಹಿಡಿದ. ಅತ್ತಿಗೆ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತುಬಿಟ್ಟಳು. ಆಕೆಯ ನಡುಕ ಏಣಿಯಲ್ಲೆಲ್ಲ ಹರಿದು ಮೇಲಿನ ತುದಿ ಹೆಂಚಿಗೆ ತಾಗಿ ಟಕಟಕ ಅನ್ನುತ್ತಿತ್ತು.

“ಕೆಳಗೆ ನೋಡ್ಲಾರೆ ಕಣ್ರೀ” ಎಂದಳು ಮೆಲ್ಲಗೆ.

“ಕೆಳಗೆ ನೀನ್ಯಾಕೆ ನೋಡ್ತೀಯ? ಕೆಳಗೆ ನಾನಿದ್ದೀನಿ. ನೆಲ ಎಲ್ಲೂ ಓಡಿಹೋಗದ ಹಾಗೆ ನೋಡ್ಕೋತೀನಿ. ನೀನು ಮೇಲೆ ನೋಡು.”

ಇನ್ನೊಂದು ಮೆಟ್ಟಿಲು. ಮತ್ತೊಂದು. ಅಣ್ಣ ಬಾಯಿಗೆ ಬಂದದ್ದು ಮಾತಾಡುತ್ತಲೇ ಇದ್ದ. “ಅಲ್ಲಿ ಮೆಟ್ಟಿಲು ಸವೆದಿದೆ, ಪಕ್ಕಕ್ಕೆ ಕಾಲಿಡು. ಹಾಂ. ಮದುವೆ ದಿನ ಇದಕ್ಕಿಂತ ನಿಧಾನವಾಗಿ ನಡೆದಿದ್ದೆ ನೀನು. ಹಾಂ, ಹಾಗೆ.” ಟಕಟಕ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ನೋಡುತ್ತಿದ್ದಂತೆ ಅತ್ತಿಗೆಯ ಬಿಳಿ ತಲೆ ಮಾಡಿನ ಅಂಚನ್ನು ದಾಟಿತು. ಆಕೆ ರೀಪು ಹಿಡಿದು ಮೇಲಕ್ಕೆ ಏರಿ ಕೂತಳು. ಒಡೆದ ಹೆಂಚೊಂದನ್ನು ಕಿತ್ತು ಆಚೆ ಎಸೆದಳು. ಊರಿಗೆಲ್ಲ ಕೇಳುವ ಹಾಗೆ ಕೂಗಿದಳು:

“ಹೆಂಚು ಕೊಡ್ರೋ!”

ಅಂಗಳ ಹೋ ಎಂದಿತು. ಆಮೇಲೆ ಮೇಲಿನಿಂದ ಇನ್ನೊಂದು ಕೂಗು, ನನಗೆ. “ಲೋ ಮೈದುನಾ! ಇಲ್ಲಿಂದ ನಮ್ಮಂಗಡಿ ಬೋರ್ಡು ಕಾಣುತ್ತೆ ಕಣೋ! ಚೆನ್ನಾಗೇ ಬರ್ದಿದ್ದೀಯ!” ಆ ಬೋರ್ಡನ್ನು ಓದಿದ ಮೊದಲ ಪ್ರಾಣಿ ಆಕೆ.

ಕ್ಷೌರದವನು ತಾನು ಹಿಡಿದಿದ್ದ ಏಣಿಯ ಬುಡವನ್ನು ಬಿಟ್ಟ. “ನನ್ನ ಮಗಳು ಹುಟ್ಟಿದ್ದು ಈ ಮಾಡಿನ ಕೆಳಗೆ. ಹಾಗಾದ್ರೆ ಇದು ನಂದೂ ಹೌದು” ಎಂದು ಹತ್ತತೊಡಗಿದ. ಬುಡ ಹಿಡಿದವನು ಯಾರೆಂದು ಕೇಳಬೇಡಿ, ದಿನಸಿಯವನೇ. “ನಮ್ಮಮ್ಮನ ಕೊನೇ ಉಸಿರು ಹೋಗಿದ್ದೂ ಇಲ್ಲೇ” ಎಂದು ಬಡಗಿ ಹತ್ತಿದ. “ನನ್ನ ಬೆರಳಿಗೆ ಸೂಜಿ ಹೊಕ್ಕಾಗ ತೆಗ್ದಿದ್ದು ಇಲ್ಲೇ. ಬೆರಳು ನಂದಾದ್ರೆ ಆಸ್ಪತ್ರೇನೂ ನಂದೇ” ಎಂದು ಹೊಲಿಗೆಯಾಕೆ ಹತ್ತಿದಳು. ನಾನೂ ಹತ್ತಿದೆ. ಈಗ ಬುಡ ಹಿಡಿಯುವವರಿಗೇ ಬರ ಬಂತು! ಹತ್ತಲು ಸಾಲು ನಿಂತವರನ್ನು ಅಣ್ಣ ಗದರಿಸಿ ಕೆಳಗೆ ಉಳಿಸಬೇಕಾಯಿತು.

ಕೈಯಿಂದ ಕೈಗೆ ಹೆಂಚು ಏರಿತು. ಹೆಂಚಿನಜ್ಜ, “ಎಡಕ್ಕೆ! ನಿನ್ನೆಡ ಅಲ್ಲಯ್ಯಾ, ನನ್ನೆಡ!” ಎಂದು ಗಂಟಲು ಹರಿದುಕೊಂಡ. ಮಂಜುಗಣ್ಣಿಗೆ ಕಾಣದಿದ್ದರೂ, ಹೆಂಚು ಕೂತ ಸದ್ದಿನಲ್ಲೇ ಸರಿತಪ್ಪು ಹೇಳುತ್ತಿದ್ದ. ಎರಡು ಸಲ ತಪ್ಪು ಹೇಳಿ, ಸರಿಯಾಗಿದ್ದ ಸಾಲನ್ನೇ ಕೀಳಿಸಿದ. ಯಾರೂ ಬೇಸರಿಸಲಿಲ್ಲ. ಕೊನೆಯ ಹೆಂಚನ್ನು ಮಾಡಿನ ನೆತ್ತಿಯ ಮೇಲೆ ಕೂರಿಸಿದವಳು ಅತ್ತಿಗೆ. ಮಾಡು ಸುಂದರವಾಗಿತ್ತು ಎಂದರೆ ಸುಳ್ಳಾಗುತ್ತದೆ. ಕೆಂಪು, ಕಪ್ಪು, ಹಸಿರು ಬೆರೆತು ತೇಪೆ ಹಾಕಿದ ಕಂಬಳಿಯಂತಿತ್ತು. ಆದರೆ ಪ್ರತಿಯೊಬ್ಬನೂ ಬೆರಳು ತೋರಿಸಿ, “ಅಗೋ, ಅದು ನಮ್ಮನೆ ಹೆಂಚು” ಎನ್ನುತ್ತಿದ್ದ.

ಎಲ್ಲರೂ ಇಳಿದು ಟೀ ಕುಡಿಯುತ್ತಿರುವಾಗಲೇ ಮಳೆ ಬಂತು. ಬಂತೆಂದರೆ ಆಕಾಶ ಹರಿದ ಹಾಗೆ. ಜನವೆಲ್ಲ ಒಳಗೆ ನುಗ್ಗಿ, ಮಂಚಗಳ ನಡುವೆ ನಿಂತು, ಕತ್ತೆತ್ತಿ ಹನಿ ಹುಡುಕಿದರು. ಮಾಡಿನ ಮೇಲೆ ನೀರು ಭೋರೆನ್ನುತ್ತಿತ್ತು. ಒಳಗೆ ಒಣಗಿದ ನೆಲ. ಒಂದೇ ಒಂದು ಹನಿ ಎಲ್ಲಿಂದಲೋ ಜಾರಿ ದಿನಸಿಯವನ ಬೋಳುತಲೆಯ ಮೇಲೆ ಟಪ್ಪೆಂದು ಬಿತ್ತು.

“ಬಿಡು ಅಕ್ಕಾ, ಅಲ್ಲಿ ಎಷ್ಟು ನೀರು ಹಾಕಿದ್ರೂ ಏನೂ ಬೆಳೆಯಲ್ಲ” ಎಂದ ಕ್ಷೌರದವನು. ಮಳೆ ಬಿಟ್ಟ ಕೂಡಲೇ ತಾನೇ ಹತ್ತಿ ಆ ಹೆಂಚನ್ನು ಸರಿಪಡಿಸಿದ.

ಹೇಳಿದ ದಿನಕ್ಕೆ ಸಾಹೇಬರು ಲಾರಿ ಸಮೇತ ಬಂದರು. ಒಳಗೆ ಬಂದು ಗೋಡೆ ಮುಟ್ಟಿದರು, ನೆಲ ನೋಡಿದರು, ಮತ್ತೆ ಹೊರಗೆ ಬಂದು ಮಾಡನ್ನೇ ನೋಡುತ್ತ ನಿಂತರು.

“ಯಾವ ಕಂಟ್ರಾಕ್ಟರು ಮಾಡಿದ್ದು?”

“ಎಲ್ರೂ” ಎಂದಳು ಅತ್ತಿಗೆ.

“ಮೇಲೆ ಹತ್ತಿ ನೋಡ್ಬೇಕು. ಏಣಿ ಇದೆಯಾ?”

“ಇದೆ. ಬುಡ ಹಿಡಿಯೋಕೆ ಯಾರನ್ನ ಕರ್ಕೊಂಡ್ ಬಂದಿದ್ದೀರಿ?”

ಸಾಹೇಬರು ಕಕ್ಕಾಬಿಕ್ಕಿಯಾದರು. “ಲಾರಿ ಡ್ರೈವರನ್ನೇ ಹತ್ತಿಸ್ತೀನಿ.”

“ಅದಾಗಲ್ಲ. ನೋಡೋ ಕೆಲಸ ನಿಮ್ದು. ನೀವು ಹತ್ತಿ, ಅವನು ಹಿಡೀಲಿ.”

ಸಾಹೇಬರು ಬೂಟು ಬಿಚ್ಚಿ ಹತ್ತಿದರು. ಅರ್ಧದಲ್ಲಿ ಏಣಿ ನಡುಗಿದಾಗ, ಅಂದೂ ತಳ್ಳುಗಾಡಿಯಲ್ಲಿ ಬಂದಿದ್ದ ಅಣ್ಣ ಕುರ್ಚಿಯಿಂದ, “ಮೇಲೆ ನೋಡಿ ಸ್ವಾಮಿ, ನೆಲದ ಜವಾಬ್ದಾರಿ ನಂದು” ಎಂದ. ಅವರು ಮಾಡಿನ ಅಂಚಿನಲ್ಲಿ ನಿಂತು ಸಾಲು ಸಾಲು ಹೆಂಚನ್ನು ಅಲುಗಿಸಿ ನೋಡಿದರು. ಒಂದೂ ಅಲುಗಲಿಲ್ಲ. ಇಳಿಯುವಾಗ ಅವರ ಮುಖದಲ್ಲಿ ದಣಿವಿರಲಿಲ್ಲ.

“ಮಂಚ ಇಲ್ಲೇ ಇರ್ಲಿ” ಎಂದರು.

ನರ್ಸಮ್ಮ ಒಳಗೆ ಓಡಿಹೋಗಿ ಟ್ರಂಕಿಗೆ ಕಟ್ಟಿದ್ದ ಹಗ್ಗ ಬಿಚ್ಚಿದರು. ಡ್ರೈವರು ಲಾರಿಯ ಬಾಗಿಲು ತೆಗೆದ. ಅತ್ತಿಗೆ ಕೈ ಅಡ್ಡ ಹಿಡಿದಳು.

“ಇಷ್ಟು ದೂರ ಬಂದ ಲಾರೀನ ಖಾಲಿ ಯಾಕೆ ಕಳಿಸೋದು? ಅಂಗಳದಲ್ಲಿ ಒಡೆದ ಹೆಂಚು ಗುಡ್ಡೆ ಬಿದ್ದಿದೆ. ಗುಡ್ಡದ ದಾರೀಲಿ ಗುಂಡಿಗಳಿದ್ದಾವಲ್ಲ, ಹೋಗ್ತಾ ಹೋಗ್ತಾ ಸುರಿದು ಹೋಗ್ಲಿ.”

ಸಾಹೇಬರು ಜೋರಾಗಿ ನಕ್ಕರು, ಅಂಗಿಯ ತೋಳು ಮಡಚಿ ತಾವೂ ನಾಲ್ಕು ಬುಟ್ಟಿ ತುಂಬಿದರು. ಒಂದು ಕಾಲದಲ್ಲಿ ಅಣ್ಣ ಹಲ್ಲು ಕಚ್ಚಿದ ಗುಂಡಿಗಳೆಲ್ಲ ಆ ಹೆಂಚಿನಿಂದ ತುಂಬಿದವು.

ಮರುದಿನ ಅತ್ತಿಗೆ ಅಂಗಡಿಯ ಕೊಕ್ಕೆ ಕೋಲನ್ನು ಮಾರಾಟಕ್ಕಿಟ್ಟಳು. ಕೊಂಡವನು ಹಳೆಯ ಸಾಮಾನೆಂದು ಚೌಕಾಸಿ ಮಾಡಿದರೆ ಒಂದಿಷ್ಟೂ ಬಿಡಲಿಲ್ಲ. ಈಗ ಬಣ್ಣದ ಡಬ್ಬ ಬೇಕಾದರೆ ಗಿಡ್ಡ ಏಣಿ ಹಾಕಿ ತಾನೇ ಹತ್ತುತ್ತಾಳೆ. ಅಣ್ಣ ಕುರ್ಚಿ ಎಳೆದುಕೊಂಡು ಬುಡ ಹಿಡಿಯುತ್ತಾನೆ. ಗಿರಾಕಿ ಅವಸರ ಮಾಡಿದ್ದನ್ನು ನಾನು ಇದುವರೆಗೆ ಕಂಡಿಲ್ಲ.

ನಾನು ಬೋರ್ಡನ್ನು ಅಳಿಸಿ ಹೊಸದಾಗಿ ಬರೆದೆ. ‘ಏಣಿ ಅಂಗಡಿ’, ಅಷ್ಟೇ. ಬಳುಕು ಮಾತ್ರ ಬಿಡಲಿಲ್ಲ. ಬರೆಯುವಾಗ ಬುಡ ಹಿಡಿದು ನಿಂತಿದ್ದವಳು ಅತ್ತಿಗೆ.

“ಕೆಳಗೆ ‘ಮೊಳೆ ಸಿಗುತ್ತದೆ’ ಅಂತಲೂ ಬರಿ” ಎಂದಳು. “ಏಣಿ ಮಾತ್ರ ಇದೆ ಅಂದ್ಕೊಂಡು ಜನ ಎಲ್ಲಾನೂ ಬಿಟ್ಟೀನೇ ಕೇಳ್ತಾರೆ.”